ಹೋಮ್‌ಸ್ಟೇ, ಲಾಡ್ಜ್, ರೆಸಾರ್ಟ್: ಬೋರ್ಡ್ ಬ್ಯಾರೆ ಬ್ಯಾರೆ, ಒಳಗ ಫರಕ್ ಏನೈತ್ರೀ? (ಕಾರವಾರ, ಗೋಕರ್ಣ, ಶಿರಸಿ)

ಹುಬ್ಳಿಯವ
ನಮಸ್ಕಾರ್ರೀ ಎಲ್ಲಾರಿಗೂ. ಡಿಸೆಂಬರ್ ಸೂಟಿಯಾಗ ಮನಿ ಮಂದಿ ಎಲ್ಲಾ ಕೂಡಿ ಕಾರವಾರ, ಗೋಕರ್ಣ, ಶಿರಸಿ ಕಡೆ ಬರಬೇಕಂತ ಮಾಡೀವಿ. ನಾವಿಬ್ರು, ಎರಡು ಸಣ್ಣ ಹುಡುಗ್ರು, ಅಪ್ಪ, ಅವ್ವ. ಅಪ್ಪಗ ಮೊಣಕಾಲು ನೋವು, ಕೆಳಗ ಕುಂತು ಏಳಾಕ ಆಗೂದಿಲ್ಲ. ರೂಮ್ ಹುಡುಕಾಕ ಕುಂತು ತಲಿ ಕೆಟ್ಟು ಹೋಗೈತಿ. ಒಬ್ಬಾವ ಹೋಮ್‌ಸ್ಟೇ ಅಂತಾನ, ತಲಿಗೆ 1,800. ಇನ್ನೊಬ್ಬಾವ ಲಾಡ್ಜ್, ರೂಮಿಗೆ 1,400. ಮತ್ತೊಬ್ಬಾವ ರೆಸಾರ್ಟ್, ಜೋಡಿಗೆ 5,500, ಎಲ್ಲಾ ಪ್ಯಾಕೇಜಿನ್ಯಾಗ ಬಂತು ಅಂತಾನ, ಏನೇನು ಬಂತಪಾ ಅಂತ ಕೇಳಿದ್ರ ವಾಟ್ಸಾಪ್ ಮಾಡ್ತೀನಿ ಅಂದು ಫೋನ್ ಇಡ್ತಾನ. ಹೋಮ್‌ಸ್ಟೇ ಅಂತ ಹೆಸರಿಟ್ಟ ಒಂದು ಜಾಗಾದ ಫೋಟೋದಾಗ ಮೂವತ್ತು ರೂಮು, ಈಜುಗೊಳ, ಡಿಜೆ! ಅದು ಯಾರ ಮನಿ? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ, ಯಾವುದಕ್ಕ ಏನಂತಾರ, ನಮ್ಮಂಥಾ ಮಂದಿಗೆ ಯಾವುದು ಛಲೋ.

ಕೋಡಿಬಾಗ ಕಟ್ಟೆ
ಡಿಸೆಂಬರ್ ಕೊನೇ ವಾರ ಅಂದ್ರೆ ಮೊದ್ಲು ರೂಮ್ ಸಿಗುತ್ತಾ ಕೇಳಿ, ವ್ಯತ್ಯಾಸ ಆಮೇಲೆ ನೋಡಿದ್ರಾಯ್ತು 😄

ಸಿಲ್ಕ್‌ಬೋರ್ಡ್ ಸಂತ್ರಸ್ತ
ಗುರು ಸಿಂಪಲ್. ಕಡಿಮೆ ದುಡ್ಡು ಲಾಡ್ಜ್, ಮಧ್ಯ ಹೋಮ್‌ಸ್ಟೇ, ಜಾಸ್ತಿ ರೆಸಾರ್ಟ್. ಇದಕ್ಕೆ ಪಿಎಚ್‌ಡಿ ಬೇಕಾ.

ದೇವಿಮನೆ ತಿರುವು
@ಸಿಲ್ಕ್‌ಬೋರ್ಡ್ ಸಂತ್ರಸ್ತ ಅಷ್ಟು ಸಿಂಪಲ್ ಇಲ್ಲ ಸ್ವಾಮಿ. ಅವ್ರು ಹೇಳಿದ ರೇಟನ್ನೇ ತಗೊಳ್ಳಿ. ತಲೆಗೆ 1,800 ಅಂದ್ರೆ ನಾಲ್ಕು ದೊಡ್ಡವ್ರಿಗೆ 7,200, ಮಕ್ಕಳಿಗೆ ಅರ್ಧ ಹಿಡಿದ್ರೆ ಇನ್ನೊಂದು 1,800, ಒಟ್ಟು 9,000 ಒಂದು ರಾತ್ರಿಗೆ. ಲಾಡ್ಜಲ್ಲಿ ಮೂರು ರೂಮ್ ಹಿಡಿದ್ರೂ 4,200. ನೋಡಿದ ತಕ್ಷಣ ಲಾಡ್ಜ್ ಅರ್ಧ ರೇಟು ಅನ್ಸುತ್ತೆ. ಆದ್ರೆ ಹೋಮ್‌ಸ್ಟೇ ರೇಟಲ್ಲಿ ಬೆಳಿಗ್ಗೆ ತಿಂಡಿ, ಎರಡು ಊಟ, ಚಾ, ಸಂಜೆ ಬಜ್ಜಿನೋ ಹಪ್ಪಳನೋ ಎಲ್ಲಾ ಸೇರಿರುತ್ತೆ, ಲಾಡ್ಜಲ್ಲಿ ಆರು ಜನ ಮೂರು ಹೊತ್ತು ಹೊರಗೆ ತಿಂದ್ರೆ, ಅದೂ ಕಡಲ ಬದಿಯಲ್ಲಿ ಮೀನು ಅಂತ ಹೊರಟ್ರೆ, ಮೂರು ಸಾವಿರ ಎಲ್ಲೂ ಹೋಗಲ್ಲ. ಹಾಗಾಗಿ ಬೋರ್ಡ್ ಮೇಲೆ ಏನಿದೆ ಅನ್ನೋದಕ್ಕಿಂತ ರೇಟು ತಲೆಗಾ ರೂಮಿಗಾ, ಊಟ ಸೇರಿದ್ಯಾ ಇಲ್ವಾ, ಮಗೂಗೆ ಎಷ್ಟನೇ ವಯಸ್ಸಿಂದ ಚಾರ್ಜ್, ಇದನ್ನ ಮೊದ್ಲು ಕೇಳ್ಬೇಕು.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಓಕೆ ಫೇರ್. ಆದ್ರೂ ಹೋಮ್‌ಸ್ಟೇಲಿ ಅವ್ರು ಮಾಡಿದ್ದೇ ತಿನ್ಬೇಕಲ್ಲ.

ಬಂಗಡೆ ಪ್ರಿಯ
ಅವರು ಮಾಡಿದ್ದು ತಿನ್ನೋಕೆ ಹೋಗೋದೇ ಅಲ್ವಾ ಅಲ್ಲಿಗೆ??

ಅಪ್ಪೆಮಿಡಿ
ಶಿರಸಿ ಹತ್ರ ನಮ್ದೊಂದು ಸಣ್ಣ ಹೋಮ್‌ಸ್ಟೇ ಇದೆ, ಹೆಸರು ಹೇಳೋದಿಲ್ಲ, ಇಲ್ಲಿ ಜಾಹೀರಾತು ಮಾಡಿದ್ರೆ ಬೈತೀರಿ. ಮೂವತ್ತು ರೂಮಿನ ಹೋಮ್‌ಸ್ಟೇ ಅಂತ ಹುಬ್ಳಿಯವರು ಬರ್ದಿದ್ದು ನೋಡಿ ನಗು ಬಂತು, ಸಿಟ್ಟೂ ಬಂತು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಸ್ಕೀಮಿನಲ್ಲಿ ಹೆಚ್ಚಂದ್ರೆ ಆರು ರೂಮು, ಹನ್ನೆರಡು ಹಾಸಿಗೆ, ಮನೆಯವರು ಅದೇ ಜಾಗದಲ್ಲಿ ವಾಸ ಇರ್ಲೇಬೇಕು. ಅಲ್ಲೂ ಗೋಲ್ಡ್, ಸಿಲ್ವರ್ ಅಂತ ಎರಡು ದರ್ಜೆ. ಮನೆಯವರು ಬೆಂಗಳೂರಲ್ಲಿ ಕೂತು, ಇಲ್ಲಿ ಮ್ಯಾನೇಜರ್ ಇಟ್ಟು ನಡೆಸಿದ್ರೆ ಅದು ಹೋಮ್‌ಸ್ಟೇ ಹೇಗಾಗ್ತದೆ ಮಾರಾಯ್ರೆ? ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: ರಾತ್ರಿ ಅಲ್ಲಿ ನಿಮ್ಮನೆಯವರು ಯಾರು ಮಲಗ್ತಾರೆ? ತಡವರಿಸಿದ್ರೆ ಗೊತ್ತಾಯ್ತಲ್ಲ.

ಇನ್ನು ಡಿಸೆಂಬರಿನಲ್ಲಿ ನಮ್ಮ ಕಡೆ ಅಡಿಕೆ ಕೊಯ್ಲು. ರಾತ್ರಿ ಹತ್ತು ಹನ್ನೊಂದರವರೆಗೂ ಅಂಗಳದಲ್ಲಿ ಅಡಿಕೆ ಸುಲಿಯೋದು ನಡೀತಿರ್ತದೆ, ಬೇಯಿಸೋ ಹಂಡೆ ಉರೀತಿರ್ತದೆ. ಕೆಲವು ಗೆಸ್ಟಿಗೆ ಇದೇ ಖುಷಿ, ಕೂತು ಒಂದೆರಡು ಸುಲಿದು ಬೆರಳು ಕೊಯ್ಕೊಂಡು ಫೋಟೋ ಹಾಕ್ತಾರೆ. ಕೆಲವರಿಗೆ ಗಲಾಟೆ, ಹೊಗೆ ಅಂತ ಕಿರಿಕಿರಿ. ಊಟ ಎಂಟೂವರೆಗೆ, ಹನ್ನೊಂದಕ್ಕೆ ಬಂದು ಚಪಾತಿ ಕೇಳಿದ್ರೆ ಮನೆ ಹೆಂಗಸರು ಮನುಷ್ಯರೇ ಅಲ್ವಾ. ನಮ್ಮಲ್ಲಿ ಮೀನು ಮಾಂಸ ಮೊಟ್ಟೆ ಇಲ್ಲ, ಕುಡಿಯೋದೂ ಇಲ್ಲ. ಇದೆಲ್ಲಾ ಮೊದಲೇ ಹೇಳ್ತೇವೆ, ಆದ್ರೂ ಬಂದ ಮೇಲೆ 'ಒಂದೇ ಒಂದು ಬಿಯರ್' ಅನ್ನೋರು ಇದ್ದೇ ಇದ್ದಾರೆ.

ಅಪ್ಪನ ಮೊಣಕಾಲಿನ ಬಗ್ಗೆ: ಹಳೇ ಮನೆ ಹೋಮ್‌ಸ್ಟೇ ಆದ್ರೆ ರೂಮು ಮೆತ್ತಿನ ಮೇಲೆ ಇರ್ತದೆ, ಮರದ ಕಡಿದಾದ ಏಣಿ ಮೆಟ್ಟಿಲು. ಪಾಯಖಾನೆ ಎಷ್ಟೋ ಕಡೆ ಹೊರಗೆ. ಕೆಳಗಿನ ರೂಮು, ಕಮೋಡು, ಎರಡೂ ಇದ್ಯಾ ಅಂತ ಕೇಳಿ ಫೋಟೋನೇ ತರಿಸ್ಕೊಳ್ಳಿ. ಬಿಸಿನೀರಿಗೆ ಚಿಂತೆ ಬೇಡ, ಅಡಿಕೆ ಸಿಪ್ಪೆ ಉರಿ ಇದ್ದೇ ಇರ್ತದೆ.

ಬಂಗಡೆ ಪ್ರಿಯ
ಕಮೋಡಿನ ಫೋಟೋ ತರಿಸ್ಕೊಳ್ಳೋ ಕಾಲ ಬಂತು ನೋಡ್ರಪ್ಪ 🙏

ಕೋಡಿಬಾಗ ಕಟ್ಟೆ
ನಗಬೇಡಿ, ವಯಸ್ಸಾದವರಿದ್ರೆ ಅದೇ ಮೊದಲನೇ ಪ್ರಶ್ನೆ. ಕಾರವಾರದ ಲಾಡ್ಜುಗಳ ಬಗ್ಗೆ ಒಂದು ಮಾತು. ಇಲ್ಲಿ ಲಾಡ್ಜ್ ನಡೆಯೋದು ಟೂರಿಸ್ಟರಿಂದ ಅಲ್ಲ, ಕೈಗಾ ಅಣುಸ್ಥಾವರದ ಕೆಲಸಕ್ಕೆ ಬರೋ ಕಂಟ್ರಾಕ್ಟ್ ಜನ, ಸೀಬರ್ಡ್ ನೌಕಾನೆಲೆ ಕೆಲಸದವರು, ಕೋರ್ಟಿಗೆ, ಡಿಸಿ ಆಫೀಸಿಗೆ ಬರೋ ಜನ. ಅದಕ್ಕೆ ವಾರದ ಮಧ್ಯೆನೇ ಫುಲ್ ಇದ್ರೂ ಆಶ್ಚರ್ಯ ಇಲ್ಲ, ಭಾನುವಾರ ಖಾಲಿ ಇದ್ರೂ ಆಶ್ಚರ್ಯ ಇಲ್ಲ. ತಿಂಗಳ ಲೆಕ್ಕದಲ್ಲಿ ಹಿಡಿದವರು ಬೇರೆ ಇರ್ತಾರೆ. ಲಾಡ್ಜ್ ಅಂದ್ರೆ ಕೀಳು ಅಂತ ಅಲ್ಲ, ಸ್ವಚ್ಛ ಹಾಸಿಗೆ, ಕೆಳಗೆ ಹೋಟೆಲು, ಎದುರಿಗೆ ಬಸ್ ಸ್ಟ್ಯಾಂಡು, ಇನ್ನೇನು ಬೇಕು. ಮತ್ತೆ ಲಾಡ್ಜಿನ ದೊಡ್ಡ ಲಾಭ ಯಾರೂ ಹೇಳ್ಲಿಲ್ಲ: ಎಷ್ಟೋ ಕಡೆ 24 ತಾಸಿನ ಚೆಕ್‌ಔಟ್. ರಾತ್ರಿ ಒಂಬತ್ತಕ್ಕೆ ಹೊಕ್ರೆ ಮರುದಿನ ರಾತ್ರಿ ಒಂಬತ್ತರವರೆಗೆ ರೂಮು ನಿಮ್ದು. ರೆಸಾರ್ಟಲ್ಲಿ ಮಧ್ಯಾಹ್ನ ಒಂದಕ್ಕೆ ಒಳಗೆ, ಬೆಳಿಗ್ಗೆ ಹನ್ನೊಂದಕ್ಕೆ ಹೊರಗೆ, ಲೇಟಾಗಿ ಹೋದಷ್ಟು ನಿಮ್ಗೇ ಲಾಸು.

ಒಂಟಿ ಸಂಚಾರಿ
+1 ಇದಕ್ಕೆ. ಬೆಂಗಳೂರಿಂದ ರಾತ್ರಿ ಟ್ರೇನಿಗೆ ಬಂದು ಕಾರವಾರದಲ್ಲೋ ಗೋಕರ್ಣ ರೋಡಲ್ಲೋ ಬೆಳಿಗ್ಗೆ ಇಳಿದ್ರೆ ಚೆಕ್‌ಇನ್ ಮಧ್ಯಾಹ್ನ ಅಂತಾರೆ, ಅಲ್ಲಿವರೆಗೆ ಬ್ಯಾಗ್ ಹೊತ್ಕೊಂಡು ಎಲ್ಲಿ ಕೂರೋದು. ರಿಟೈರಿಂಗ್ ರೂಮ್ ಇರೋ ಸ್ಟೇಷನ್ ಆದ್ರೆ ಕನ್‌ಫರ್ಮ್ ಅಥವಾ ಆರ್‌ಎಸಿ ಟಿಕೆಟ್ಟಿನ ಪಿಎನ್‌ಆರ್ ಹಾಕಿ ಕೆಲವು ತಾಸಿಗೆ ಬುಕ್ ಮಾಡ್ಬಹುದು. ಸ್ನಾನ ಮಾಡಿ ಬಟ್ಟೆ ಬದಲಿಸೋಕೆ ಸಾಕು. ಮುಂಬೈ ಸೆಂಟ್ರಲ್ಲಲ್ಲಿ 2021ರಲ್ಲಿ ಪಾಡ್ ಥರದ್ದೂ ಮಾಡಿದ್ದಾರೆ, ಗೂಡಲ್ಲಿ ನುಗ್ಗಿ ಮಲಗೋದು.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಪಾಡ್ ಜಪಾನಿನ ಐಡಿಯಾ ಅಲ್ವಾ. ಒಸಾಕಾದಲ್ಲಿ 1979ರಲ್ಲಿ ಶುರು ಮಾಡಿದ್ರು, ಆಫೀಸ್ ಮುಗಿಸಿ ಲಾಸ್ಟ್ ಟ್ರೇನ್ ಮಿಸ್ ಮಾಡ್ಕೊಂಡೋರಿಗೆ. ನಮ್ ಸಿಲ್ಕ್‌ಬೋರ್ಡ್ ಜಂಕ್ಷನ್ನಲ್ಲೂ ಒಂದು ಬೇಕು.

ಹುಬ್ಳಿಯವ
ಜಪಾನ್ ಬಿಡ್ರೀ, ಗೋಕರ್ಣಕ್ಕ ಬರ್ರಿ. ಅಲ್ಲಿ ಹಟ್ ಅಂತ ಇರ್ತಾವಲ್ಲಾ, ಸಮುದ್ರದ ಬಾಜೂಕ, ಹುಡುಗ್ರು ಅದ ಬೇಕು ಅಂತ ಕುಂತಾವು.

ಕುಡ್ಲೆ ಗಾಳಿ
ಗೋಕರ್ಣದವನೇ. ಹಟ್ಟಿನ ಆಸೆ ಮಕ್ಕಳಿಗೆ ಇರ್ಲಿ, ಅಪ್ಪ ಅಮ್ಮಂಗೆ ಬೇಡ. ಕುಡ್ಲೆ, ಓಂ ಬೀಚ್ ಎರಡಕ್ಕೂ ಮೇಲಿಂದ ಮೆಟ್ಟಿಲು ಇಳೀಬೇಕು, ಹಾಫ್‌ಮೂನ್, ಪ್ಯಾರಡೈಸ್ ಕಡೆ ಆದ್ರೆ ಗುಡ್ಡ ಹತ್ತಿ ನಡೀಬೇಕು ಇಲ್ಲಾ ದೋಣಿ. ಹಟ್ ಅಂದ್ರೆ ಬಿದಿರು, ತೆಂಗಿನ ಗರಿ ಇಲ್ಲಾ ತಗಡು, ಒಳಗೆ ಸೊಳ್ಳೆ ಪರದೆ ಫ್ಯಾನು, ಬಾತ್‌ರೂಮು ಕೆಲವು ಕಡೆ ಕಾಮನ್. ಮಳೆಗಾಲ ಬಂದ್ರೆ ಸುಮಾರು ಬಿಚ್ಚಿಡ್ತಾರೆ.

ಬೀಚ್ ಫ್ರಂಟ್ ಅಂತ ಹಾಕಿದ್ದನ್ನೆಲ್ಲಾ ನಂಬಬೇಡಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ಪ್ರಕಾರ ಹಳ್ಳಿ ಕಡೆ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟೋ ಗೆರೆ) 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ (ಜನ ತುಂಬಾ ಒತ್ತಾಗಿರೋ ಕಡೆ 2019ರ ನೋಟಿಫಿಕೇಶನ್ ಅದನ್ನ 50ಕ್ಕೆ ಇಳಿಸಿದೆ). ಮರಳ ಮೇಲೇ ಆರ್‌ಸಿಸಿ ಕಟ್ಟಡದ ಫೋಟೋ ಕಂಡ್ರೆ ಒಂದೋ ತುಂಬಾ ಹಳೇದು, ಒಂದೋ ಯಾವತ್ತಾದ್ರೂ ನೋಟಿಸ್ ಬರೋದು. ಅಡ್ವಾನ್ಸ್ ಕೊಟ್ಟು ಸಿಕ್ಕಿಹಾಕ್ಕೋಬೇಡಿ.

ಇನ್ನೊಂದು ಮಾತು, ಹೋಮ್‌ಸ್ಟೇ ಅಂತ ಈಗ ಎಲ್ಲರೂ ಕುಣೀತಾರೆ, ಗೋಕರ್ಣದಲ್ಲಿ ಇದು ಅಜ್ಜನ ಕಾಲದ್ದು. ದೇವಸ್ಥಾನದ ಉಪಾಧಿವಂತರ (ಪೂಜೆ ಮಾಡಿಸೋ ಭಟ್ಟರ) ಮನೆಗಳಲ್ಲಿ ಪಿತೃಕಾರ್ಯಕ್ಕೆ ಬಂದವರು ಉಳ್ಕೊಂಡು, ಅಲ್ಲೇ ಊಟ ಮಾಡಿ, ಕಾರ್ಯ ಮುಗಿಸಿ ಹೋಗೋದು. ತಲೆಮಾರಿನಿಂದ ಇಂಥ ಮನೆಗೆ ಇಂಥ ಊರಿನವರು ಅಂತ ಇರ್ತದೆ. ನಿಮ್ಮಪ್ಪಂಗೆ ಕೇಳಿ ನೋಡಿ, ನಿಮ್ಮ ಮನೆತನದ್ದೂ ಒಂದು ಮನೆ ಇರಬಹುದು.

ಹುಬ್ಳಿಯವ
ಅಪ್ಪನ್ನ ಕೇಳಿದ್ಯಾ. ಅವ್ರ ಅಜ್ಜ ಬಂದು ಉಳಕೊಂಡ ಮನಿ ಐತಂತ, ಹೆಸರು ನೆಪ್ಪಿಲ್ಲ ಅಂತಾರ. ಈಗ ಅದನ್ನ ಹುಡುಕೂದ ಒಂದು ಟೂರ್ ಆಕ್ಕೈತಿ.

ಒಂಟಿ ಸಂಚಾರಿ
ಗೋಕರ್ಣ ಅಂದ್ರೆ ಹಾಸ್ಟೆಲ್ ಬಗ್ಗೆ ಯಾರೂ ಮಾತಾಡ್ಲಿಲ್ವಲ್ಲ. ಕಾಲೇಜ್ ಹಾಸ್ಟೆಲ್ ಅಲ್ಲ, ಬ್ಯಾಕ್‌ಪ್ಯಾಕರ್ ಹಾಸ್ಟೆಲ್. ರೂಮಲ್ಲ, ಬೆಡ್ಡಿಗೆ ದುಡ್ಡು. ಆರು ಅಥವಾ ಎಂಟು ಬೆಡ್ಡಿನ ಡಾರ್ಮ್, ಲಾಕರ್‌ಗೆ ಬೀಗ ನಾವೇ ತರ್ಬೇಕು, ಬಾತ್‌ರೂಮು ಹಂಚ್ಕೋಬೇಕು, ಕೆಲವು ಕಡೆ ಹೆಂಗಸರಿಗೇ ಬೇರೆ ಡಾರ್ಮ್. ಒಬ್ಳೇ ಓಡಾಡೋಳಿಗೆ ಲಾಡ್ಜಿಗಿಂತ ನಂಗೆ ಇದೇ ನೆಮ್ಮದಿ. ಲಾಡ್ಜ್ ಕೌಂಟರಲ್ಲಿ 'ಒಬ್ರೇನಾ ಮೇಡಂ? ಮನೇಲಿ ಗೊತ್ತಾ?' ಅಂತ ಕೇಳಿಸ್ಕೊಂಡು ಸಾಕಾಗಿದೆ. ಒಂದು ಊರಲ್ಲಂತೂ ಅಪ್ಪಂಗೆ ಫೋನ್ ಹಚ್ಚಿ ಕೊಡಿ ಅಂದ್ರು, ನಂಗೆ ವಯಸ್ಸು ಮೂವತ್ನಾಲ್ಕು.

ಆದ್ರೆ ಫ್ಯಾಮಿಲಿಗೆ ಹಾಸ್ಟೆಲ್ ಸರಿ ಹೋಗಲ್ಲ, ಎಷ್ಟೋ ಕಡೆ ಸಣ್ಣ ಮಕ್ಕಳನ್ನ ಡಾರ್ಮಿಗೆ ಬಿಡೋದೇ ಇಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಕೌಂಟರ್ ಕಥೆ ನಮ್ಗೂ ಇದೆ. ನಾನು ನನ್ ಗರ್ಲ್‌ಫ್ರೆಂಡ್, ಇಬ್ರೂ ಇಪ್ಪತ್ತೆಂಟು ದಾಟಿದೋರು, ಇಬ್ರದ್ದೂ ಆಧಾರ್ ಇದೆ, ರೂಮ್ ಇಲ್ಲ ಅಂದ್ರು. ಕಾನೂನು ಪ್ರಕಾರ ತಪ್ಪಾ ಅದು?

ಹಳೇ ಇಂಜಿನಿಯರ್
ಮದುವೆ ಆಗದ ವಯಸ್ಕರು ಒಂದೇ ಕೋಣೆಯಲ್ಲಿ ಇರಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ಲಾಡ್ಜಿನವರು ತಮ್ಮದೇ ರೂಲ್ಸ್ ಮಾಡಿಕೊಂಡಿರುತ್ತಾರೆ, ರೇಡ್ ಆದರೆ ತಮ್ಮ ಹೆಸರು ಕೆಡುತ್ತದೆ ಅನ್ನುವ ಭಯ.

ಕೋಡಿಬಾಗ ಕಟ್ಟೆ
ಅದು ಬಿಡಿ, ನಮ್ಮೂರಲ್ಲಿ ನಮ್ಗೇ ರೂಮ್ ಕೊಡಲ್ಲ. ಮನೆಗೆ ಪೇಂಟ್ ಹೊಡಿಸ್ತಿದ್ವಿ, ವಾಸನೆಗೆ ಅಮ್ಮಂಗೆ ಉಸಿರು ಕಟ್ತಿತ್ತು, ಎರಡು ರಾತ್ರಿಗೆ ರೂಮ್ ಕೇಳಿದ್ರೆ ಆಧಾರಲ್ಲಿ ಕಾರವಾರ ವಿಳಾಸ ನೋಡಿ 'ಲೋಕಲ್ ಐಡಿ ನಡೆಯಲ್ಲ' ಅಂದ್ರು. ಎಪ್ಪತ್ತು ವರ್ಷದ ಅಮ್ಮನ್ನ ಪಕ್ಕದಲ್ಲಿ ನಿಲ್ಸಿಕೊಂಡು!

ಬಂಗಡೆ ಪ್ರಿಯ
🤣🤣 ಅಮ್ಮಂಗೂ ಡೌಟಾ

ಕುಡ್ಲೆ ಗಾಳಿ
ಐಡಿ ವಿಷಯ ಬಂತು ಅಂತ ಹೇಳ್ತೇನೆ. ವಿದೇಶಿಯರು ಬಂದ್ರೆ ಅವ್ರ ವಿವರದ ಫಾರ್ಮ್ (ಮೊದ್ಲು ಸಿ ಫಾರ್ಮ್ ಅಂತಿದ್ರು) 24 ತಾಸಿನೊಳಗೆ ಆನ್‌ಲೈನ್ ತುಂಬ್ಬೇಕು. ದೊಡ್ಡ ಹೋಟೆಲ್ಲಿಗೂ ಅದೇ, ಎರಡು ರೂಮಿನ ಹೋಮ್‌ಸ್ಟೇಗೂ ಅದೇ. ಗೋಕರ್ಣದಲ್ಲಿ ನಮ್ಗೆ ಇದು ದಿನದ ಕೆಲಸ. ಫ್ರೆಂಡು, ದುಡ್ಡು ತಗೊಂಡಿಲ್ಲ ಅಂದ್ರೂ ಬಿಡೋದಿಲ್ಲ. ಮನೆಯಲ್ಲಿ ರೂಮ್ ಇದೆ ಅಂತ ಆಪಲ್ಲಿ ಹಾಕೋರು ಇದು ಗೊತ್ತಿಲ್ಲದೇ ಹಾಕ್ತಾರೆ.

ಲೆಕ್ಕದ ಪುಸ್ತಕ
ಟ್ಯಾಕ್ಸ್ ಬಗ್ಗೆ ಯಾರಾದ್ರೂ ಮಾತಾಡ್ತೀರಾ ಅಂತ ಕಾಯ್ತಿದ್ದೆ. ಹುಬ್ಳಿಯವರೇ, ರೇಟ್ ಕೇಳುವಾಗ ಜಿಎಸ್‌ಟಿ ಸೇರಿನಾ ಅಂತ ಕೇಳಿದ್ರಾ?

ಬಂಗಡೆ ಪ್ರಿಯ
ರೂಮಿಗೆ 12% ಅಲ್ವಾ

ಲೆಕ್ಕದ ಪುಸ್ತಕ
ಅದು ಹಳೇ ಕಥೆ. ಮೊದ್ಲು ದಿನಕ್ಕೆ ಸಾವಿರದವರೆಗಿನ ರೂಮಿಗೆ ಟ್ಯಾಕ್ಸೇ ಇರ್ಲಿಲ್ಲ, 2022ರ ಜುಲೈ 18ರಿಂದ ಅದಕ್ಕೂ 12% ಹಾಕಿದ್ರು, ಬಡವರ ಲಾಡ್ಜಿಗೆ ಬಿದ್ದ ಪೆಟ್ಟು ಅದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ 5%. ಅದರ ಮೇಲಿದ್ದಕ್ಕೆ 18% ಹಾಗೇ ಇದೆ. ಈಗಲೂ 12% ಹಾಕಿ ಬಿಲ್ ಕೊಟ್ರೆ ಕೇಳಿ.

ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರೋ ಸಣ್ಣ ಹೋಮ್‌ಸ್ಟೇ ಜಿಎಸ್‌ಟಿ ನೋಂದಣಿ ಮಾಡಿಸ್ಬೇಕಾಗಿಲ್ಲ, ಹಾಗಾಗಿ ನೇರ ಫೋನ್ ಮಾಡಿ ಹೋದ್ರೆ ಟ್ಯಾಕ್ಸ್ ಇಲ್ಲ. ಅದೇ ಮನೆಯನ್ನ ಆಪಲ್ಲಿ ಬುಕ್ ಮಾಡಿದ್ರೆ ಟ್ಯಾಕ್ಸ್ ಕಟ್ಟೋ ಜವಾಬ್ದಾರಿ ಆಪ್‌ನವರ ಮೇಲೆ ಬರುತ್ತೆ, ಅವ್ರು ನಿಮ್ಮಿಂದ ವಸೂಲಿ ಮಾಡ್ತಾರೆ. ಒಂದೇ ಮನೆ ಒಂದೇ ಹಾಸಿಗೆ, ಎರಡು ರೇಟು ಕಾಣೋದು ಇದಕ್ಕೇ. ಜೊತೆಗೆ ಆಪ್ ಕಮಿಷನ್ ಬೇರೆ.

ಅಪ್ಪೆಮಿಡಿ
ಆ ಕಮಿಷನ್ ಬಗ್ಗೆ ಮಾತಾಡಿಸ್ಬೇಡಿ ನಮ್ಮನ್ನ. ಒಂದು ಆಪ್‌ನವರು ನಮ್ಮನ್ನ ಕೇಳದೇ ಆಫರ್ ಹಾಕಿಬಿಟ್ರು, ಬಂದವರು ನಮ್ಮ ಹತ್ರ ಜಗಳ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಆಪಲ್ಲಿ ರಿವ್ಯೂ ಇರುತ್ತಲ್ಲ ಸಾರ್. ಫೋನಲ್ಲಿ ಯಾರನ್ನ ನಂಬೋದು. ಸ್ಟಾರ್ ನೋಡಿ ಬುಕ್ ಮಾಡಿದ್ರೆ ಮೋಸ ಆಗಲ್ಲ.

ಹಳೇ ಇಂಜಿನಿಯರ್
ಯಾವ ಸ್ಟಾರ್? ಆಪಿನ ಸ್ಟಾರ್ ಗಿರಾಕಿಗಳು ಕೊಟ್ಟಿದ್ದು. ಹೋಟೆಲಿನ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ, ಬಂದು ಪರಿಶೀಲಿಸಿ ಕೊಡುತ್ತಾರೆ, ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಕಡಿಮೆ ಅಂದರೂ ಹತ್ತು ಕೋಣೆ ಇರಬೇಕು. ಅರ್ಜಿ ಹಾಕುವುದು ಕಡ್ಡಾಯವಲ್ಲ, ಎಷ್ಟೋ ಒಳ್ಳೆಯ ಹೋಟೆಲುಗಳು ಹಾಕುವುದೇ ಇಲ್ಲ. ಬೋರ್ಡಿನ ಮೇಲೆ ಮೂರು ನಕ್ಷತ್ರ ಬರೆಸಿಕೊಳ್ಳುವುದಕ್ಕೆ ಪೇಂಟರ್ ಸಾಕು.

ನಾನು ಹೇಳಬೇಕೆಂದಿದ್ದು ಬೇರೆ. ಐಬಿಯನ್ನು ಎಲ್ಲರೂ ಮರೆತಿದ್ದೀರಿ. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ ಹೆಚ್ಚುಕಡಿಮೆ ಪ್ರತಿ ತಾಲೂಕಿನಲ್ಲೂ ಇದೆ. ಊರಿನ ಅತ್ಯಂತ ಒಳ್ಳೆಯ ಜಾಗದಲ್ಲಿ ಇರುತ್ತದೆ, ಬ್ರಿಟಿಷರು ಗುಡ್ಡ, ಗಾಳಿ, ನೋಟ ಎಲ್ಲ ನೋಡಿ ಕಟ್ಟಿಸಿದ್ದು. ಎತ್ತರದ ಮಾಡು, ದೊಡ್ಡ ವರಾಂಡ. ಖಾಲಿ ಇದ್ದರೆ ಸಾರ್ವಜನಿಕರಿಗೂ ಕೊಡುತ್ತಾರೆ, ದರ ನೌಕರರಿಗಿಂತ ಹೆಚ್ಚು, ಆದರೂ ಹೊರಗಿನದಕ್ಕೆ ಹೋಲಿಸಿದರೆ ಏನೂ ಅಲ್ಲ. ತೊಂದರೆ ಒಂದೇ: ಮಂತ್ರಿಗಳೋ ಅಧಿಕಾರಿಗಳೋ ಬಂದರೆ ನಿಮ್ಮನ್ನು ಎಬ್ಬಿಸುತ್ತಾರೆ. ನಾನು ಸರ್ವಿಸಿನಲ್ಲಿದ್ದಾಗ ರಾತ್ರಿ ಊಟಕ್ಕೆ ಕೂತವರನ್ನೇ ಎಬ್ಬಿಸಿದ್ದು ನೋಡಿದ್ದೇನೆ. ಸರ್ಕಿಟ್ ಹೌಸ್ ಜಿಲ್ಲಾ ಕೇಂದ್ರದಲ್ಲಿ, ಅದು ಇನ್ನೂ ಬಿಗಿ. ಅರಣ್ಯ ಇಲಾಖೆಯ ಗೆಸ್ಟ್ ಹೌಸಿಗೆ ಡಿಎಫ್‌ಒ (ವಿಭಾಗದ ಅರಣ್ಯಾಧಿಕಾರಿ) ಕಚೇರಿಯಲ್ಲಿ ಕೇಳಬೇಕು.

ಬಂಗಡೆ ಪ್ರಿಯ
ಐಬಿ ಖಾನ್ಸಾಮರು ಮಾಡೋ ಕೋಳಿ ಸಾರು... ಅಹಾ. ಈಗ ಇಲ್ಲ ಬಿಡಿ ಅಂಥೋರು.

ಕೋಡಿಬಾಗ ಕಟ್ಟೆ
ಸರ್ಕಾರಿ ಬಂಗಲೆ ಅಂದ್ರೆ ನೆನಪಾಯ್ತು. ರವೀಂದ್ರನಾಥ ಠಾಗೋರರು ಕಾರವಾರಕ್ಕೆ ಬಂದು ಕಡಲು ನೋಡಿ ಮರುಳಾಗಿ ನಾಟಕ ಬರೆದ್ರಲ್ಲ, ಉಳಿದಿದ್ದು ಅಣ್ಣನ ಸರ್ಕಾರಿ ಬಂಗಲೆಯಲ್ಲಿ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ರು, ಐಸಿಎಸ್ ಪಾಸಾದ ಮೊದಲ ಭಾರತೀಯ. ಬೀಚಿಗೆ ರವೀಂದ್ರನಾಥರ ಹೆಸರೇ ಇಟ್ಟಿದ್ದೇವೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಚೆಕ್‌ಔಟ್ ಎಷ್ಟೊತ್ತಿಗಂತೆ 😂

ದಾಂಡೇಲಿ ಮಂಗಟ್ಟೆ
ಲೇಟಾಗಿ ಬಂದೆ. ರೆಸಾರ್ಟ್ ಬಗ್ಗೆ ನಾನು ಹೇಳ್ತೀನಿ. ಜೋಡಿಗೆ 5,500 ಅಂದ್ರೆ ಪ್ಯಾಕೇಜ್. ದಾಂಡೇಲಿ ಗಣೇಶಗುಡಿ ಕಡೆ ಎಲ್ಲಾ ಇದೇ ಲೆಕ್ಕ, ಉಳಿಯೋದು, ಊಟ, ಸಂಜೆ ಕ್ಯಾಂಪ್‌ಫೈರ್, ಬೋಟಿಂಗ್ ಅಂತ ಗಂಟು ಕಟ್ಟಿ ಕೊಡ್ತಾರೆ. ಏನು ಬಿಟ್ಟಿದ್ದಾರೆ ಅನ್ನೋದನ್ನ ಹುಡುಕ್ಬೇಕು. ರಾಫ್ಟಿಂಗ್ ಸಾಮಾನ್ಯವಾಗಿ ಎಕ್ಸ್‌ಟ್ರಾ, ಅದೂ ಸೂಪಾ ಡ್ಯಾಮಿಂದ ನೀರು ಬಿಟ್ರೆ ಮಾತ್ರ. ಕಾಡಿನ ಸಫಾರಿ ಅಂತೂ ಅರಣ್ಯ ಇಲಾಖೆ ಟಿಕೆಟ್ಟು, ರೆಸಾರ್ಟಿನವರ ಕೈಯಲ್ಲಿ ಇಲ್ಲ. 'ಬೋಟಿಂಗ್' ಅಂದ್ರೆ ಹತ್ತು ನಿಮಿಷ ಒಂದು ಸುತ್ತು ಹೊಡ್ಸಿ ಇಳ್ಸೋದು.

ಸರ್ಕಾರಿ ಜಂಗಲ್ ಲಾಡ್ಜಸ್ ನೋಡಿ. 1980ರಲ್ಲಿ ಶುರುವಾದ ಸಂಸ್ಥೆ. ಕಾರವಾರದಲ್ಲಿ ದೇವಬಾಗ, ದೋಣಿಯಲ್ಲಿ ದಾಟಿ ಹೋಗ್ಬೇಕು, ಗೋಕರ್ಣದ ಓಂ ಬೀಚ್ ಹತ್ರ ಒಂದು, ದಾಂಡೇಲಿಯಲ್ಲಿ ಕಾಳಿ ಕ್ಯಾಂಪ್, ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಜಿನ್ ಹೌಸ್. ಹೆಸರಲ್ಲಿ ಲಾಡ್ಜ್ ಇದೆ, ಕ್ಯಾಂಪ್ ಇದೆ, ರೆಸಾರ್ಟ್ ಇದೆ, ರೇಟು ಮಾತ್ರ ತಲೆ ಲೆಕ್ಕ, ಊಟ ಸಮೇತ. ಕಡಿಮೆ ಅಲ್ಲ, ಆದ್ರೆ ಏನೇನು ಸೇರಿದೆ ಅಂತ ಬರೆದು ಹಾಕಿರ್ತಾರೆ. ಮ್ಯಾಗಜಿನ್ ಹೌಸಲ್ಲಿ ಹಕ್ಕಿ ಸ್ನಾನಕ್ಕೆ ಬರೋದು ನೋಡ್ತಾ ಕೂತ್ರೆ ಊಟಾನೇ ಮರೆತು ಹೋಗುತ್ತೆ.

ಮೂವತ್ತು ರೂಮು ಡಿಜೆ ಇರೋ 'ಹೋಮ್‌ಸ್ಟೇ' ನಮ್ಮ ಕಡೆದೇ ಇರ್ಬೇಕು, ನಾಚಿಕೆ ಆಗುತ್ತೆ. ರಾತ್ರಿ ಹನ್ನೆರಡಕ್ಕೆ ಕಾಡಂಚಲ್ಲಿ ಸ್ಪೀಕರ್ ಹಾಕ್ತಾರೆ, ಪಕ್ಕದ ಹಳ್ಳೀಲಿ ಮಲಗೋ ಹಾಗಿಲ್ಲ.

ಅಪ್ಪೆಮಿಡಿ
ಅದಕ್ಕೇ ಹೇಳಿದ್ದು. ಹೆಸರು ಕೆಡೋದು ನಮ್ಮಂಥವರದ್ದು.

ದಾಂಡೇಲಿ ಮಂಗಟ್ಟೆ
ಆದ್ರೆ ಒಂದು ಮಾತು ಅಪ್ಪೆಮಿಡಿಯವರೇ, ಬೇಜಾರಾಗ್ಬೇಡಿ. ಆರು ರೂಮಿನ ರೂಲ್ ಇಟ್ಕೊಂಡು ನಿಜವಾಗಿ ಜೀವನ ಮಾಡ್ಬೇಕು ಅಂದ್ರೆ ತೋಟ ಇದ್ದವ್ರಿಗೆ ಮಾತ್ರ ಆಗುತ್ತೆ. ಜೊಯಿಡಾ ಕಡೆ ಎಕರೆ ಗದ್ದೆ ಇರೋ ಹುಡುಗ್ರು ಸಾಲ ಮಾಡಿ ಎಂಟು ಕಾಟೇಜ್ ಹಾಕಿದ್ರೆ ಅವ್ರನ್ನೂ ಡಿಜೆ ಪಾರ್ಟಿ ಜೊತೆ ಸೇರ್ಸಿ ಬೈಯೋದು ಸರಿಯಲ್ಲ. ಮನೆಯವರೇ ಅಡುಗೆ ಮಾಡ್ತಾರೆ, ಮನೆಯವರೇ ಕಾಡು ತೋರಿಸ್ತಾರೆ.

ಅಪ್ಪೆಮಿಡಿ
ಅಡ್ಡಿಲ್ಲೆ, ಎಂಟು ಹಾಕ್ಲಿ, ಆದ್ರೆ ಕಾಟೇಜ್ ಅಂತ ಬರೀಲಿ. ಬರೋರಿಗೆ ಏನು ಸಿಗ್ತದೆ ಅಂತ ಗೊತ್ತಾದ್ರೆ ಸಾಕು, ನಾನೆಂತ ಕೇಸ್ ಹಾಕ್ತೇನಾ.

ದೇವಿಮನೆ ತಿರುವು
ಹುಬ್ಳಿಯವರೇ, ಈ ಜಗಳದಲ್ಲಿ ನಿಮ್ಮ ಪ್ಲಾನ್ ಮರೆತು ಹೋಯ್ತು. ಮೂರು ಊರಲ್ಲಿ ಮೂರು ಥರ ಉಳ್ಕೊಳ್ಳಿ. ಶಿರಸಿ ಕಡೆ ನಿಜವಾದ ಹೋಮ್‌ಸ್ಟೇ, ಯಾಕಂದ್ರೆ ಸೋಂದಾ, ಸಹಸ್ರಲಿಂಗ, ಬನವಾಸಿ ನೋಡಿ ಬಂದ್ರೆ ಸಂಜೆ ಮನೇಲಿ ಕೂತು ಹರಟೋದೇ ಕೆಲಸ, ತೆಳ್ಳೇವು, ಅಪ್ಪೆಹುಳಿ ಹೋಟೆಲಲ್ಲಿ ಎಲ್ಲಿ ಸಿಗ್ಬೇಕು. ಗೋಕರ್ಣದಲ್ಲಿ ದೇವಸ್ಥಾನಕ್ಕೆ ನಡೆದು ಹೋಗೋ ದೂರದಲ್ಲಿ ಲಿಫ್ಟ್ ಇರೋ ಹೋಟೆಲ್, ರೂಮ್ ಲೆಕ್ಕದ್ದು, ಯಾಕಂದ್ರೆ ಅಲ್ಲಿ ಊಟಕ್ಕೆ ಬೇಕಾದಷ್ಟು ಜಾಗ ಇದೆ. ಕಾರವಾರದಲ್ಲಿ ದುಡ್ಡಿದ್ರೆ ಒಂದು ರಾತ್ರಿ ದೇವಬಾಗ, ಇಲ್ಲಾ ಊರೊಳಗೆ ಲಾಡ್ಜ್. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯೋ ಮೊದ್ಲು ರಸ್ತೆ ತೆರೆದಿದ್ಯಾ ಅಂತ ಕೇಳ್ಕೊಳ್ಳಿ, ಅಗಲ ಮಾಡೋ ಕೆಲಸಕ್ಕೆ ಆಗಾಗ ಬಂದ್ ಮಾಡ್ತಾ ಬಂದಿದ್ದಾರೆ.

ಕೋಡಿಬಾಗ ಕಟ್ಟೆ
ಶಿರಸಿ ರೂಮಿನ ವಿಷಯಕ್ಕೆ ಇನ್ನೊಂದು, ಮಾರಿಕಾಂಬಾ ಜಾತ್ರೆ ವರ್ಷ ಆದ್ರೆ (ಎರಡು ವರ್ಷಕ್ಕೊಮ್ಮೆ, 2022, 2024 ಹಾಗೆ) ಆ ವಾರ ನೆಂಟರ ಮನೆ ಜಗಲಿ ಬಿಟ್ರೆ ಬೇರೆ ಏನೂ ಸಿಗಲ್ಲ. ನಿಮ್ಗೆ ಡಿಸೆಂಬರ್, ಚಿಂತೆ ಇಲ್ಲ.

ಬಂಗಡೆ ಪ್ರಿಯ
ಡಿಸೆಂಬರಲ್ಲಿ ಮೀನಿಗೂ ಚಿಂತೆ ಇಲ್ಲ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ದೋಣಿ ಇಳಿಯೋ ಹಾಗಿಲ್ಲ, ಆವಾಗ ಬಂದು ಇಸ್ವಾಣ ಕೇಳಿದ್ರೆ ಐಸಿನ ಇಸ್ವಾಣ ಕೊಡ್ತಾರೆ. ಮಳೆಗಾಲದಲ್ಲಿ ರೂಮ್ ಅರ್ಧ ರೇಟಿಗೆ ಸಿಗುತ್ತೆ, ಮೀನು ಡಬಲ್ ರೇಟು, ಲೆಕ್ಕ ಸರಿ ಹೋಯ್ತು.

ಹುಬ್ಳಿಯವ
ಎಲ್ಲಾರಿಗೂ ಥ್ಯಾಂಕ್ಸ್‌ರೀ. ದೇವಿಮನೆ ತಿರುವು ಹೇಳಿದಂಗ ಮಾಡ್ತೀವಿ. ಇನ್ನೊಂದು ಕೇಳೂದೈತಿ, ಗಾಡಿ ಬಾಡಿಗಿದು, ಜೊತಿಗೆ ಡ್ರೈವರ್ ಬರ್ತಾನ. ಅಂವಗೂ ಒಂದು ರೂಮ್ ಹಿಡೀಬೇಕೇನು? ಟ್ರಾವೆಲ್ಸಿನ್ಯಾಂವ 'ಅಂವ ಗಾಡಿಯಾಗ ಮಲಗ್ತಾನ ಬಿಡ್ರಿ' ಅಂತಾನ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಬಾಟಾ (ದಿನದ ಖರ್ಚಿನ ದುಡ್ಡು) ಕೊಡ್ತೀರಲ್ಲ, ಅದ್ರಲ್ಲೇ ಮ್ಯಾನೇಜ್ ಮಾಡ್ತಾರೆ ಬ್ರೋ. ಎಲ್ರೂ ಹಾಗೇ.

ಒಂಟಿ ಸಂಚಾರಿ
ಬಾಟಾದಲ್ಲಿ ಯಾವ ಊರಲ್ಲಿ ರೂಮ್ ಸಿಗುತ್ತೆ? ನಿಮ್ಮ ಜೀವ ಮರುದಿನ ಅವ್ರ ಕೈಯಲ್ಲೇ ಇರೋದು, ಘಟ್ಟ ಇಳಿಸ್ಬೇಕು.

ಹಳದಿ ಬೋರ್ಡ್
ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇದಕ್ಕೆ ಮಾತ್ರ ಬರೀಲೇಬೇಕು. ನಾನು ಹಳದಿ ಬೋರ್ಡ್ ಗಾಡಿ ಓಡ್ಸೋನು, ಈ ಭಾಗ ಎಲ್ಲಾ ತಿರುಗ್ತೀನಿ. ದೊಡ್ಡ ಲಾಡ್ಜ್, ಹೋಟೆಲಲ್ಲಿ ಕೆಲವು ಕಡೆ ಡ್ರೈವರ್ ಡಾರ್ಮಿಟರಿ ಇದೆ, ಪಾರ್ಕಿಂಗ್ ಪಕ್ಕದಲ್ಲಿ, ಮಂಚ, ಫ್ಯಾನು, ಒಂದು ಬಾತ್‌ರೂಮು, ಅಷ್ಟೇ ಸಾಕು ನಮ್ಗೆ. ದೇವಸ್ಥಾನದ ಊರಾದ್ರೆ ಛತ್ರನೋ ಯಾತ್ರಿ ನಿವಾಸನೋ ಸಿಗುತ್ತೆ. ಮಠದ ಊರಲ್ಲಿ ಊಟಾನೂ ಆಗುತ್ತೆ.

ಕಷ್ಟ ಇರೋದು ರೆಸಾರ್ಟು ಮತ್ತೆ ಹೋಮ್‌ಸ್ಟೇಲಿ, ಯಾಕಂದ್ರೆ ಊರಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಕಾಡಲ್ಲಿ ಇರುತ್ತೆ, ಪಾರ್ಟಿ ಇಳ್ಸಿದ ಮೇಲೆ ನಾವು ಎಲ್ಲಿಗೆ ಹೋಗೋದು. ಒಂದು ರೆಸಾರ್ಟಲ್ಲಿ ಗೇಟಿಂದ ಹೊರಗೆ ಗಾಡಿ ನಿಲ್ಸು ಅಂದ್ರು, ಮಳೆ, ಗಾಜು ಇಳ್ಸಿದ್ರೆ ಸೊಳ್ಳೆ, ಏರ್ಸಿದ್ರೆ ಸೆಕೆ, ಕೆಳಗಿಳಿದ್ರೆ ಉಂಬಳ. ಬೆಳಿಗ್ಗೆ ಐದಕ್ಕೆ ಸೂರ್ಯೋದಯ ತೋರ್ಸೋಕೆ ಹೊರಡು ಅಂದ್ರು ಪಾರ್ಟಿಯವರು.

ಅಪ್ಪೆಮಿಡಿ
ನಮ್ಮಲ್ಲಿ ಡ್ರೈವರಿಗೆ ಹೊರಗಿನ ಜಗಲಿ ಕೋಣೆ ಇದೆ, ಊಟ ಎಲ್ಲರ ಜೊತೆಗೇ. ದುಡ್ಡು ತಗೊಳ್ಳೋದಿಲ್ಲ. ಆದ್ರೆ ಬುಕ್ ಮಾಡೋವಾಗ ಹೇಳ್ಬೇಕು, ರಾತ್ರಿ ಬಂದು ಇನ್ನೊಬ್ಬರಿದ್ದಾರೆ ಅಂದ್ರೆ ಅನ್ನ ಎಲ್ಲಿಂದ ತರೋದು.

ಹುಬ್ಳಿಯವ
@ಹಳದಿ ಬೋರ್ಡ್ ಹಂಗಾರ ಬುಕ್ ಮಾಡೂಮುಂದ ಏನಂತ ಕೇಳ್ಬೇಕು ಹೇಳ್ರಿ.

ಹಳದಿ ಬೋರ್ಡ್
'ಡ್ರೈವರ್ ಅಕಾಮಡೇಶನ್ ಇದ್ಯಾ, ಬಾತ್‌ರೂಮ್ ಇದ್ಯಾ, ಊಟ ಇದ್ಯಾ' ಮೂರೂ ಬೇರೆ ಬೇರೆ ಕೇಳಿ ಸಾರ್. ಅಕಾಮಡೇಶನ್ ಇದೆ ಅಂತಾರೆ, ಹೋಗಿ ನೋಡಿದ್ರೆ ಜನರೇಟರ್ ಶೆಡ್ಡು. ಇಲ್ಲ ಅಂದ್ರೆ ಹತ್ತಿರದ ಪೇಟೆಲಿ ಲಾಡ್ಜಿಗೆ ನಾಲ್ಕೈದುನೂರು ಕೊಟ್ಟು ಕಳ್ಸಿ, ಬೆಳಿಗ್ಗೆ ನೀವು ಹೇಳಿದ ಟೈಮಿಗೆ ಗಾಡಿ ತೊಳೆದು ತಂದು ನಿಲ್ಸಿರ್ತಾರೆ. ಮತ್ತೆ ದೇವಬಾಗಕ್ಕೆ ಹೋಗೋದಾದ್ರೆ ಗಾಡಿ ಈಚೆ ದಡದಲ್ಲೇ ಉಳಿಯುತ್ತೆ, ಆವತ್ತು ರಾತ್ರಿ ಡ್ರೈವರಿಗೆ ಕಾರವಾರದಲ್ಲಿ ರೂಮ್ ಮೊದ್ಲೇ ನೋಡಿಡಿ. ಲೋಕಲ್ ಐಡಿ ಅಲ್ಲ ಅಲ್ವಾ ಅವ್ರದ್ದು, ಕೊಡ್ತಾರೆ.